ಹಿಂದಿನ ಮೆಟ್ಟಿಲಿಗೆ ಬೀಗ, ಡ್ರಿಲ್‌ಗೆ 14 ನಿಮಿಷ: ಇವ್ಯಾಕ್ಯುಯೇಷನ್ ಪ್ಲಾನ್ ಎಲ್ಲಿಂದ ಶುರು ಮಾಡ್ಲಿ?

ಮೂರನೇಮಹಡಿ:

ಎಲ್ರಿಗೂ ನಮಸ್ಕಾರ. ನಾನು ಯೂನಿವರ್ಸಿಟೀಲಿ ಪಾಠ ಮಾಡೋನು, ಬೆಂಕಿ ಗಿಂಕಿ ನನ್ ಸಬ್ಜೆಕ್ಟ್ ಅಲ್ವೇ ಅಲ್ಲ. ಹೋದ ತಿಂಗಳು ಒಂದು ಮೀಟಿಂಗ್‌ಗೆ ಹತ್ತು ನಿಮಿಷ ಲೇಟಾಗಿ ಹೋದೆ, ಅಷ್ಟ್ರಲ್ಲಿ ನಮ್ ಬ್ಲಾಕಿನ ಫೈರ್ ಸೇಫ್ಟಿ ಕೋಆರ್ಡಿನೇಟರ್ ಅಂತ ನನ್ ಹೆಸರು ಮಿನಿಟ್ಸಲ್ಲಿ ಬಂದ್ಬಿಟ್ಟಿತ್ತು. ಇರ್ಲಿ.

ಬ್ಲಾಕ್ ಹೀಗಿದೆ. ಕೆಳಗೆ ಲೈಬ್ರರಿ ಮತ್ತೆ 600 ಸೀಟಿನ ಆಡಿಟೋರಿಯಂ, ಒಂದು ಎರಡ್ನೇ ಮಹಡಿಲಿ ಕ್ಲಾಸ್‌ರೂಮು, ಮೂರನೇದ್ರಲ್ಲಿ ಕೆಮಿಸ್ಟ್ರಿ ಲ್ಯಾಬು ಮತ್ತೆ ನಮ್ ರೂಮುಗಳು. ಮುಂದೆ ದೊಡ್ಡ ಮೆಟ್ಟಿಲು, ಹಿಂದೆ ಸಣ್ಣದೊಂದು, ಜೊತೆಗೆ ಎರಡು ಲಿಫ್ಟು. ಬೆಂಕಿ ಬಿದ್ರೆ ಎಲ್ರೂ ಯಾವ ದಾರೀಲಿ ಹೊರಗೆ ಹೋಗ್ಬೇಕು ಅನ್ನೋ ಹಳೇ ಪ್ಲಾನ್ ಒಂದಿದೆ, ಲ್ಯಾಮಿನೇಷನ್ ಮಾಡ್ಸಿ ಪ್ರತಿ ಮಹಡಿಲೂ ನೇತಾಕಿದಾರೆ. ಹತ್ರ ಹೋಗಿ ನೋಡಿದ್ರೆ "ನೀವು ಇಲ್ಲಿದ್ದೀರಿ" ಅನ್ನೋ ಕೆಂಪು ಚುಕ್ಕೆ ಎಲ್ಲಾ ಮಹಡಿಲೂ ಒಂದೇ ಜಾಗದಲ್ಲಿದೆ, ಅದೂ ಲೈಬ್ರರಿ ಬಾಗಿಲ ಹತ್ರ. ಒಂದೇ ಕಾಗದಾನ ನಾಲ್ಕು ಜೆರಾಕ್ಸ್ ಮಾಡಿದಾರೆ ಅಷ್ಟೇ.

ಮೊನ್ನೆ ಡ್ರಿಲ್ ಮಾಡಿದ್ವಿ. ಬೆಲ್ ಹೊಡ್ಕೊಳ್ತಾನೇ ಇದೆ, ಎರಡು ನಿಮಿಷ ಯಾರೂ ಮಿಸುಕಾಡ್ಲಿಲ್ಲ. ನಾನು ಕಾರಿಡಾರಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿದ್ದೆ, ಒಬ್ರು ಬಾಗಿಲು ಸ್ವಲ್ಪ ತೆಗ್ದು ತಲೆ ಹೊರಗಾಕಿ "ಡ್ರಿಲ್ಲಾ ಸರ್?" ಅಂದ್ರು, ನಾನು ಹೂಂ ಅಂದೆ, ಬಾಗಿಲು ಹಾಕ್ಕೊಂಡು ಒಳಗೆ ಹೋದ್ರು. ಆಮೇಲೆ ಹೊರಟೋರೆಲ್ಲ ಮುಂದಿನ ಮೆಟ್ಟಿಲಿಗೇ ಮುಗಿಬಿದ್ರು. ಹಿಂದಿನ ಮೆಟ್ಟಿಲಲ್ಲಿ ಇಳಿದಿದ್ದು ಮೂರೇ ಹುಡುಗ್ರು, ಪಾಪ ಕೆಳಗೆ ಹೋಗಿ ನೋಡಿದ್ರೆ ಬಾಗಿಲಿಗೆ ಬೀಗ, ಮತ್ತೆ ಮೇಲೆ ಹತ್ಕೊಂಡು ಬಂದು ಮುಂದಿಂದ ಹೋದ್ರು. ಒಟ್ಟು 14 ನಿಮಿಷ. ಲಿಫ್ಟಲ್ಲಿ ಇಳಿದೋರ್ನ ರಿಪೋರ್ಟಲ್ಲಿ ಬರ್ದಿಲ್ಲ, ಯಾಕಂದ್ರೆ ಅವ್ರಲ್ಲಿ ನಮ್ ಹೆಡ್ಡೂ ಇದ್ರು.

ಈಗ ನನ್ ಪ್ರಶ್ನೆ. ಎಷ್ಟು ನಿಮಿಷ ಆದ್ರೆ ಪರವಾಗಿಲ್ಲ? ಹೊಸ ಮ್ಯಾಪ್ ಬರೆಸ್ಬೇಕಾ ಅಥವಾ ಇದಕ್ಕೇನಾದ್ರೂ ಸಾಫ್ಟ್‌ವೇರ್ ಇದ್ಯಾ? ಎಲ್ರೂ ಹೊರಗೆ ಬಂದ್ರು ಅಂತ ಹೇಗೆ ಗೊತ್ತಾಗುತ್ತೆ, ಸ್ಕೂಲ್ ಥರ ಇಲ್ಲಿ ಹಾಜರಿ ಪುಸ್ತಕ ಇರಲ್ವಲ್ಲ. ವೀಲ್‌ಚೇರ್ ಬಳಸೋ ಒಬ್ಬ ಸ್ಟೂಡೆಂಟ್ ವಾರಕ್ಕೆ ಎರಡು ದಿನ ಮೂರನೇ ಮಹಡಿಗೆ ಬರ್ತಾರೆ, ಅವ್ರಿಗೇನು ಮಾಡ್ಬೇಕು ಅಂತ ಹಳೇ ಪ್ಲಾನಲ್ಲಿ ಒಂದಕ್ಷರ ಇಲ್ಲ.

ಹಳೇಹೋಸ್‌ಪೈಪು:

ಫೈರ್ ಸರ್ವಿಸಲ್ಲಿ ಇದ್ದು ರಿಟೈರಾದೋನು ನಾನು, ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ.

ಮೊದ್ಲು ಆ ಬೀಗ ತೆಗ್ಸಿ. ಮ್ಯಾಪು ಸಾಫ್ಟ್‌ವೇರು ಕಮಿಟಿ ಎಲ್ಲಾ ಆಮೇಲೆ. ನಾಳೆ ಬೆಳಗ್ಗೆ ಹೋಗಿ ಆ ಕೀ ಯಾರತ್ರ ಇದೆ ಅಂತ ಕೇಳಿ ನೋಡಿ, ಇನ್‌ಸ್ಪೆಕ್ಷನ್‌ಗೆ ಹೋದ ಕಡೆಯೆಲ್ಲ ನಂಗೆ ಸಿಗ್ತಿದ್ದಿದ್ದು ಒಂದೇ ಉತ್ತರ, "ಸೆಕ್ಯೂರಿಟಿ ಹತ್ರ ಇದೆ ಸರ್", ಸೆಕ್ಯೂರಿಟಿ ಎಲ್ಲಪ್ಪಾ ಅಂದ್ರೆ "ರೌಂಡ್ಸಿಗೆ ಹೋಗಿದಾರೆ ಸರ್", ಕೊನೆಗೆ ಅವ್ರು ಬಂದು ಸೊಂಟದಿಂದ ಒಂದು ಗೊಂಚಲು ತೆಗ್ದು ನಲವತ್ತು ಕೀಲಿ ಒಂದೊಂದೇ ಹಾಕಿ ನೋಡೋದು. ಒಂದ್ಸಲ ಹಾಗೆ ಬಾಗಿಲು ತೆಗೆಯೋಕೆ ಎಷ್ಟೊತ್ತು ಹಿಡೀತು ಅಂತ ನಾನೇ ಗಡಿಯಾರ ನೋಡಿದ್ದೀನಿ, ನಾಲ್ಕು ನಿಮಿಷದ ಮೇಲೆ. ಹೊಗೆ ಇಲ್ದೆ, ಲೈಟ್ ಇದ್ದಾಗ.

ಬೀಗ ಯಾಕೆ ಹಾಕಿದಾರೆ ಅಂದ್ರೆ ಹೊರಗಿನೋರು ಬರ್ತಾರೆ, ಕಳ್ಳತನ ಆಗುತ್ತೆ ಅಂತಾರೆ. ಅದಕ್ಕೆ ನೂರು ವರ್ಷದ ಹಿಂದೇನೇ ಉಪಾಯ ಬಂದಿದೆ. 1903 ಡಿಸೆಂಬರ್ 30ಕ್ಕೆ ಷಿಕಾಗೋದ ಇರೊಕ್ವಾ ಥಿಯೇಟರಲ್ಲಿ ಬೆಂಕಿ ಬಿದ್ದು ಸುಮಾರು 600 ಜನ ಹೋದ್ರು, ಎಕ್ಸಿಟ್ ಬಾಗಿಲುಗಳೇನೋ ಇದ್ವು, ಆದ್ರೆ ಕೆಲವು ಪರದೆ ಹಿಂದೆ, ಕೆಲವಕ್ಕೆ ಜನ ಯಾವತ್ತೂ ನೋಡಿರದ ಥರದ ಚಿಲಕ. ಅದಾದ್ಮೇಲೆ ಅಮೆರಿಕದಲ್ಲಿ ಬಳಕೆಗೆ ಬಂದಿದ್ದೇ ಪ್ಯಾನಿಕ್ ಬಾರ್. ಬಾಗಿಲಿಗೆ ಅಡ್ಡಡ್ಡ ಒಂದು ಪಟ್ಟಿ, ಒಳಗಿಂದ ಮೈ ತಾಗಿಸಿ ತಳ್ಳಿದ್ರೂ ಸಾಕು ತೆಗ್ಯುತ್ತೆ, ಹೊರಗಿಂದ ತೆಗ್ಯೋಕಾಗಲ್ಲ. ಅದಕ್ಕೊಂದು ಸಣ್ಣ ಬಝರ್ ಹಾಕ್ಸಿ, ಯಾರಾದ್ರೂ ಸುಮ್ನೆ ತೆಗೆದ್ರೆ ಕಿರ್ರ್ ಅನ್ನುತ್ತೆ. ಪಕ್ಕದಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಒಳಗೆ ಕೀ ಇಡ್ತೀವಿ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ, ಆ ಕೀ ಆರು ತಿಂಗಳಲ್ಲಿ ಮಾಯ ಆಗಿರುತ್ತೆ.

ಇನ್ನ ಆ ಎರಡು ನಿಮಿಷದ ವಿಷ್ಯ. ನೀವು 14 ನಿಮಿಷ ಅಂತ ತಲೆ ಕೆಡಿಸ್ಕೊಂಡಿದೀರ, ನಾನು ಮೊದಲ ಎರಡು ನಿಮಿಷಕ್ಕೆ ತಲೆ ಕೆಡಿಸ್ಕೊಳ್ತೀನಿ. ಅಲಾರಂ ಹೊಡೆದ್ಮೇಲೆ ಜನ ಎದ್ದು ಹೊರಡೋ ತನಕ ಆಗೋ ಟೈಮು ಎಷ್ಟೋ ಸಲ ನಡೆಯೋ ಟೈಮಿಗಿಂತ ಜಾಸ್ತಿ ಇರುತ್ತೆ. 1968ರಲ್ಲಿ ಕೊಲಂಬಿಯಾ ಯೂನಿವರ್ಸಿಟಿ ಸ್ಟೂಡೆಂಟ್ಸ್ ಮೇಲೆ ಮಾಡಿದ್ದ ಒಂದು ಪ್ರಯೋಗ ಇದೆ. ರೂಮಲ್ಲಿ ಕೂರಿಸಿ ಫಾರಂ ತುಂಬೋಕೆ ಕೊಟ್ಟು ಗೋಡೆ ಕಿಂಡಿಯಿಂದ ಮೆಲ್ಲಗೆ ಹೊಗೆ ಬಿಟ್ರು. ಒಬ್ರೇ ಇದ್ದಾಗ 75% ಜನ ಎದ್ದು ಹೋಗಿ ಹೇಳಿದ್ರು, ಪಕ್ಕದಲ್ಲಿ ಇಬ್ರು ಏನೂ ಆಗಿಲ್ಲ ಅನ್ನೋ ಹಾಗೆ ಬರೀತಾ ಕೂತಿದ್ರೆ ಹೇಳಿದ್ದು 10% ಮಾತ್ರ, ಉಳಿದೋರು ಕಣ್ಣುಜ್ಕೊಂಡು ಹೊಗೆ ಬೀಸ್ಕೊಂಡು ಬರೀತಾನೇ ಇದ್ರು. ನಿಮ್ "ಡ್ರಿಲ್ಲಾ ಸರ್?" ಅಂದೋರೂ ಅದನ್ನೇ ಮಾಡಿದ್ದು, ನೀವು ಆರಾಮಾಗಿ ನಿಂತಿದ್ದನ್ನ ನೋಡಿದ್ರು. ಕ್ಲಾಸಲ್ಲಿ ಪಾಠ ಮಾಡೋರು ಚಾಕ್ ಕೆಳಗಿಟ್ಟು "ಏಳಿ, ಹಿಂದಿನ ಮೆಟ್ಟಿಲು" ಅಂದ್ರೆ ಅರವತ್ತು ಜನ ಅರ್ಧ ನಿಮಿಷದಲ್ಲಿ ಎದ್ದಿರ್ತಾರೆ. ಹಾಗಾಗಿ ಟ್ರೈನಿಂಗ್ ಕೊಡ್ಬೇಕಾಗಿರೋದು ಮೊದ್ಲು ನಿಮ್ ಸಹೋದ್ಯೋಗಿಗಳಿಗೆ, ಸ್ಟೂಡೆಂಟ್ಸ್‌ಗಲ್ಲ. ಸಾಧ್ಯ ಆದ್ರೆ ಬರೀ ಬೆಲ್ ಬದ್ಲು ಮಾತಲ್ಲಿ ಹೇಳೋ ಅನೌನ್ಸ್‌ಮೆಂಟ್ ಹಾಕ್ಸಿ, ಬೆಲ್ ಅಂದ್ರೆ ಪೀರಿಯಡ್ ಮುಗೀತು ಅನ್ಕೊಳ್ಳೋರೂ ಇದಾರೆ.

ಎಷ್ಟು ನಿಮಿಷ ಅಂದ್ರೆ, ಎಲ್ಲಾ ಕಟ್ಟಡಕ್ಕೂ ಒಂದೇ ನಂಬರ್ ಇಲ್ಲ. ಹೊಗೆ ದಾರಿಗೆ ಬರೋಕೆ ಮುಂಚೆ ಜನ ದಾಟಿರ್ಬೇಕು, ಲೆಕ್ಕ ಅಷ್ಟೇ. ಮೆಟ್ಟಿಲಿನ ಬಾಗಿಲು ಬೆಂಕಿ ಹೊಗೆ ತಡೆಯೋ ಫೈರ್ ಡೋರ್ ಆಗಿದ್ದು ತಾನಾಗೇ ಮುಚ್ಕೊಳ್ತಿದ್ರೆ ಟೈಮ್ ಸಿಗುತ್ತೆ, ಗಾಳಿ ಬರ್ಲಿ ಅಂತ ಯಾರೋ ಅದಕ್ಕೆ ಇಟ್ಟಿಗೆ ಕೊಟ್ಟಿದ್ರೆ ಆ ಮೆಟ್ಟಿಲೇ ಚಿಮಣಿ ಆಗುತ್ತೆ. ಒಂದು ರೌಂಡ್ ಹೋಗಿ ಎಷ್ಟು ಇಟ್ಟಿಗೆ ಸಿಗುತ್ತೆ ಎಣಿಸಿ ಬನ್ನಿ.

ಬೆಂಚ್‌ನಂಬರ್7:

ಮೇಲಿನೋರು ಹೇಳಿದ್ದಕ್ಕೆ ಲ್ಯಾಬ್ ಕಡೆಯಿಂದ ಸೇರಿಸ್ತೀನಿ, ನಾನು ಲ್ಯಾಬ್ ಟೆಕ್ನೀಷಿಯನ್.

ಲ್ಯಾಬಿಂದ ಎದ್ದು ಓಡಿ ಅಂತ ಹೇಳೋದು ಸುಲಭ ಸರ್, ಆದ್ರೆ ಬರ್ನರ್ ಉರೀತಾ ಇರುತ್ತೆ, ಸಾಲ್ವೆಂಟ್ ಕುದೀತಾ ಇರುತ್ತೆ. ನಮ್ಮಲ್ಲಿ ಅಭ್ಯಾಸ ಮಾಡ್ಸಿರೋದು ಹೀಗೆ, ಕೈಯಲ್ಲಿರೋ ಗ್ಯಾಸ್ ಆಫ್, ಹೀಟರ್ ಆಫ್, ಫ್ಯೂಮ್‌ಹುಡ್ (ಕೆಮಿಕಲ್ ಹೊಗೆ ಹೊರಗೆ ಎಳೆಯೋ ಪೆಟ್ಟಿಗೆ) ಗಾಜು ಕೆಳಗೆ, ಹೊರಡು, ಕೊನೇಲಿ ಹೋಗೋರು ಬಾಗಿಲು ಎಳ್ಕೊಂಡು ಹೋಗ್ಬೇಕು. ಇಷ್ಟಕ್ಕೆ ಹತ್ತು ಸೆಕೆಂಡ್ ಬೇಕು, ಅದಕ್ಕಿಂತ ಜಾಸ್ತಿ ಆಗುತ್ತೆ ಅಂದ್ರೆ ಬಿಟ್ಟು ಹೋಗ್ಬೇಕು. ಇಡೀ ಲ್ಯಾಬಿನ ಗ್ಯಾಸ್ ಬಂದ್ ಮಾಡೋ ವಾಲ್ವ್ ಹೊರಗೆ ಹೋಗೋ ಬಾಗಿಲ ಪಕ್ಕ ಇರ್ಬೇಕು, ನಾನು ಮೊದ್ಲು ಇದ್ದ ಒಂದು ಕಡೆ ಅದು ರೂಮಿನ ಆ ತುದೀಲಿ ಬೀರು ಹಿಂದೆ ಇತ್ತು, ಅಂದ್ರೆ ಗ್ಯಾಸ್ ನಿಲ್ಸೋಕೆ ಬೆಂಕಿ ದಾಟ್ಕೊಂಡು ಹೋಗ್ಬೇಕಿತ್ತು.

ಫೈರ್ ಸಿಲಿಂಡರ್ ಬಗ್ಗೆ ಎಲ್ರಿಗೂ ತಪ್ಪು ಕಲ್ಪನೆ. ಕೈಲಿ ಹಿಡಿಯೋ ಸಣ್ಣದು ಪೂರ್ತಿ ಒತ್ತಿದ್ರೆ ಹತ್ತಿಪ್ಪತ್ತು ಸೆಕೆಂಡಲ್ಲಿ ಖಾಲಿ. ಪಿನ್ ಎಳಿ, ಬೆಂಕಿಯ ಬುಡಕ್ಕೆ ಗುರಿ ಇಡು, ಹಿಡಿ ಒತ್ತು, ಅತ್ತಿತ್ತ ಬೀಸು. ಕಸದ ಬುಟ್ಟಿಯಷ್ಟು ಬೆಂಕಿ ಇದ್ರೆ ಮಾತ್ರ, ಅದೂ ಬೆನ್ನ ಹಿಂದೆ ಬಾಗಿಲು ಇಟ್ಕೊಂಡು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಪ್ರೆಷರ್ ಮುಳ್ಳು ಇರಲ್ಲ, ತುಂಬಿದ್ಯೋ ಇಲ್ವೋ ತೂಕ ಹಾಕಿನೇ ನೋಡ್ಬೇಕು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದ್ರ ಕೊಂಬನ್ನ, ಅಂದ್ರೆ ಗ್ಯಾಸ್ ಹೊರಬರೋ ಅಗಲದ ಬಾಯನ್ನ, ಬರಿಗೈಲಿ ಹಿಡೀಬೇಡಿ, ಚರ್ಮ ಸುಡೋ ಅಷ್ಟು ತಣ್ಣಗಾಗುತ್ತೆ. ಸೋಡಿಯಂ ಲೋಹಕ್ಕೆ ಹತ್ಕೊಂಡ್ರೆ ನೀರೂ ಬೇಡ ಈ ಸಿಲಿಂಡರೂ ಬೇಡ, ಒಣ ಮರಳಿನ ಬಕೆಟ್ ಇಟ್ಕೊಳ್ಳಿ.

ಇನ್ನೊಂದು, ಲ್ಯಾಬ್ ಬಾಗಿಲಿಗೆ ಹೊರಗಡೆ ಒಂದು ಹಾಳೆ ಅಂಟಿಸಿ, ಒಳಗೆ ಯಾವ ಗ್ಯಾಸ್ ಸಿಲಿಂಡರ್ ಎಲ್ಲಿದೆ, ನೀರು ಹಾಕ್ಬಾರದ್ದು ಏನಿದೆ ಅಂತ. ಫೈರ್ ಎಂಜಿನ್ ಬಂದಾಗ ಮೊದ್ಲು ಕೇಳೋದೇ ಅದು.

ಆರ್ಟ್ಸ್ ಬ್ಲಾಕಿನೋರು ನಮ್ಗೇನು ಅನ್ಕೋಬೇಡಿ. 2014ರಲ್ಲಿ ಗ್ಲ್ಯಾಸ್ಗೋ ಸ್ಕೂಲ್ ಆಫ್ ಆರ್ಟ್‌ನ ಹಳೇ ಕಟ್ಟಡಕ್ಕೆ ಬೆಂಕಿ ಬಿದ್ದಿದ್ದು ಸ್ಟೂಡೆಂಟ್ ಪ್ರಾಜೆಕ್ಟಿಂದ. ಫೋಮ್ ಡಬ್ಬಿಯಿಂದ ಬಂದ ಗ್ಯಾಸು ಬಿಸಿಯಾಗಿದ್ದ ಪ್ರೊಜೆಕ್ಟರ್‌ಗೆ ತಾಗಿ ಹತ್ಕೊಳ್ತು. ಹಳೇ ಗಾಳಿ ಕೊಳವೆಗಳಲ್ಲಿ ಮೇಲಕ್ಕೆಲ್ಲಾ ಹರಡ್ತು, ಲೈಬ್ರರಿ ಸುಟ್ಟೋಯ್ತು. ಜನ ಮಾತ್ರ ಎಲ್ರೂ ಹೊರಗೆ ಬಂದ್ರು.

ಎರಡುಚಕ್ರ:

ನಿಮ್ ಕೊನೇ ಪ್ರಶ್ನೆಗೆ ನಾನು ಉತ್ರ ಕೊಡ್ತೀನಿ, ನಾನೇ ವೀಲ್‌ಚೇರಲ್ಲಿ ಇರೋನು. ಆ ಪ್ರಶ್ನೆನ ಇಲ್ಲಿ ಕೇಳೋಕೆ ಮುಂಚೆ ಆ ಸ್ಟೂಡೆಂಟ್‌ನ ಕೇಳಿದ್ರಾ? ಬೈತಿಲ್ಲ, ನಂಗಂತೂ ಕಾಲೇಜಲ್ಲಿ ಇದ್ದಷ್ಟು ದಿನ ಯಾರೂ ಕೇಳ್ಲಿಲ್ಲ. ಡ್ರಿಲ್ ಇದ್ದ ದಿನ "ನೀನು ಇವತ್ತು ಬರೋದು ಬೇಡ ಬಿಡು" ಅಂತಿದ್ರು. ಅಂದ್ರೆ ನನ್ನನ್ನ ಬಿಟ್ಟು ಉಳಿದೋರಿಗೆ ಅಭ್ಯಾಸ.

"ನಾಲ್ಕು ಹುಡುಗ್ರು ಎತ್ಕೊಂಡು ಹೋಗ್ತಾರೆ" ಅನ್ನೋದನ್ನ ಪ್ಲಾನ್ ಅಂತ ಬರೀಬೇಡಿ ದಯವಿಟ್ಟು. ಮೋಟರ್ ಇರೋ ಚೇರು ಮನುಷ್ಯ ಇಲ್ದೇನೇ 100 ಕೆಜಿ ದಾಟಬಹುದು, ಇಳಿಯೋ ಜನರ ಮಧ್ಯೆ ಅದನ್ನ ಎತ್ಕೊಂಡು ಮೆಟ್ಟಿಲು ಇಳಿದ್ರೆ ಕೆಳಗೆ ಉರುಳೋದು ನಾನೊಬ್ನೇ ಅಲ್ಲ. ಆಗ್ಬೇಕಾಗಿರೋದು ಏನಂದ್ರೆ ಪ್ರತಿಯೊಬ್ರಿಗೂ ಅವ್ರದ್ದೇ ಒಂದು ಪ್ಲಾನು, ಅವ್ರ ಜೊತೆ ಕೂತು ಬರೆದಿದ್ದು, ಟೈಮ್‌ಟೇಬಲ್ ಬದಲಾದಾಗೆಲ್ಲ ಅದೂ ಬದಲಾಗ್ಬೇಕು. ಮೆಟ್ಟಿಲ ಲ್ಯಾಂಡಿಂಗಲ್ಲಿ ಫೈರ್ ಡೋರ್ ಒಳಗಡೆ ಒಂದು ಚೇರ್ ನಿಲ್ಲೋ ಅಷ್ಟು ಜಾಗ, ಇಳಿಯೋರಿಗೆ ಅಡ್ಡ ಆಗ್ದೇ ಇರೋ ಹಾಗೆ, ಅಲ್ಲಿಂದ ಕೆಳಗೆ ಮಾತಾಡೋಕೆ ಒಂದು ಇಂಟರ್‌ಕಾಂ. ಆ ಜಾಗದಲ್ಲಿ ಒಬ್ನೇ ಕೂತು ಬೆಲ್ ಕೇಳ್ತಾ ಇರೋದು ಹೇಗಿರುತ್ತೆ ಅಂತ ಒಂದ್ಸಲ ನೀವೇ ಐದು ನಿಮಿಷ ಕೂತು ನೋಡಿ, ಇಂಟರ್‌ಕಾಂ ಯಾಕೆ ಬೇಕು ಅಂತ ಆಮೇಲೆ ನಾನು ಹೇಳೋದೇ ಬೇಡ. ಜೊತೆಗೆ ಇವ್ಯಾಕ್ಯುಯೇಷನ್ ಚೇರ್ ಒಂದು, ಮೆಟ್ಟಿಲ ಮೇಲೆ ಜಾರಿಸ್ಕೊಂಡು ಇಳಿಸೋದು, ಕಲಿತಿದ್ರೆ ಒಬ್ರೇ ಇಳಿಸ್ಬಹುದು. ಕಲಿತಿದ್ರೆ ಅಂದೆ ಗಮನಿಸಿ, ಗೋಡೆಗೆ ನೇತಾಕಿ ಕವರ್ ಹೊದಿಸಿಟ್ರೆ ಪ್ರಯೋಜನ ಇಲ್ಲ.

ಕಿವಿ ಕೇಳದೋರನ್ನೂ ಮರೀಬೇಡಿ, ಅವ್ರಿಗೆ ಮಿನುಗೋ ಲೈಟ್ ಬೇಕು, ಹಾಸ್ಟೆಲಲ್ಲಾದ್ರೆ ದಿಂಬಿನ ಕೆಳಗೆ ಅದುರೋ ಪ್ಯಾಡ್. ಕಾಲು ಮುರ್ಕೊಂಡು ಆರು ವಾರ ಊರುಗೋಲಲ್ಲಿ ಓಡಾಡೋರೂ ಇದೇ ಲೆಕ್ಕಕ್ಕೆ ಬರ್ತಾರೆ.

ನಿದ್ದೆಗೇಡಿ:

ಹಾಸ್ಟೆಲ್ ಮಾತು ಬಂತು ಅಂತ ಬರೀತಿದೀನಿ. ನಮ್ಮಲ್ಲಿ ಅಲಾರಂ ವಾರಕ್ಕೆ ಎರಡು ಸಲ ಹೊಡ್ಕೊಳ್ಳುತ್ತೆ, ಬಿಸಿನೀರಿನ ಹಬೆಗೆ, ಧೂಳಿಗೆ, ಕೆಲವೊಮ್ಮೆ ಯಾವನೋ ತಮಾಷೆಗೆ. ಈಗ ನಿಜ ಹೇಳ್ತೀನಿ, ನಾವ್ಯಾರೂ ಏಳಲ್ಲ. ನಾನೂ ದಿಂಬು ಕಿವಿಗೆ ಒತ್ಕೊಂಡು ಮಲಗ್ತೀನಿ. ಒಬ್ಬ ಅಂತೂ ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿದಾನೆ.

ಹಳೇಹೋಸ್‌ಪೈಪು:

ನಿದ್ದೆಗೇಡಿ, ಬೈಯಲ್ಲ ಆದ್ರೆ ಇದನ್ನ ಓದಿ. 2000ನೇ ಇಸವಿ ಜನವರಿ 19, ನ್ಯೂಜೆರ್ಸಿಯ ಸೀಟನ್ ಹಾಲ್ ಯೂನಿವರ್ಸಿಟಿ ಹಾಸ್ಟೆಲು, ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಮೂರನೇ ಮಹಡಿ ಲಾಂಜಲ್ಲಿದ್ದ ಸೋಫಾಗೆ ಬೆಂಕಿ. ಅದಕ್ಕೂ ಮುಂಚೆ ಸುಳ್ಳು ಅಲಾರಂ ಎಷ್ಟು ಸಲ ಆಗಿತ್ತು ಅಂದ್ರೆ ತುಂಬಾ ಜನ ಇದೂ ಅದೇ ಅಂತ ಏಳ್ಲಿಲ್ಲ. ಮೂರು ಜನ ಮೊದಲ್ನೇ ವರ್ಷದ ಹುಡುಗ್ರು ಹೋದ್ರು, ಐವತ್ತಕ್ಕೂ ಜಾಸ್ತಿ ಜನಕ್ಕೆ ಗಾಯ. ಕಟ್ಟಡದಲ್ಲಿ ಸ್ಪ್ರಿಂಕ್ಲರ್, ಅಂದ್ರೆ ಬೆಂಕಿ ಬಿಸಿಗೆ ಚಾವಣಿಯಿಂದ ತಾನಾಗೇ ನೀರು ಚಿಮ್ಮಿಸೋ ವ್ಯವಸ್ಥೆ, ಇರ್ಲಿಲ್ಲ. ಅದೇ ವರ್ಷ ಆ ರಾಜ್ಯ ಹಾಸ್ಟೆಲ್‌ಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯ ಮಾಡ್ತು.

ಅಂದಹಾಗೆ ಸಿನಿಮಾದಲ್ಲಿ ತೋರಿಸೋ ಹಾಗೆ ಒಂದು ಕಡೆ ಹೊಗೆ ಬಂದ್ರೆ ಇಡೀ ಮಹಡಿಗೆ ಮಳೆ ಸುರಿಯಲ್ಲ. ಸ್ಪ್ರಿಂಕ್ಲರ್ ತಲೇಲಿ ಒಂದು ಗಾಜಿನ ಕಡ್ಡಿ ಇರುತ್ತಲ್ಲ, ಕೆಂಪು ಬಣ್ಣದ್ದಾದ್ರೆ 68 ಡಿಗ್ರಿಗೆ ಒಡ್ಯುತ್ತೆ, ಬಿಸಿ ತಾಗಿದ ತಲೆಯಿಂದ ಮಾತ್ರ ನೀರು. ಪುಸ್ತಕ ನೆನೆಯುತ್ತೆ ಅಂತ ಲೈಬ್ರರಿಯೋರು ಬೇಡ ಅನ್ನೋದು ಈ ಸಿನಿಮಾ ನೋಡಿನೇ.

ಸುಳ್ಳು ಅಲಾರಂ ನಿಮ್ ತಪ್ಪಲ್ಲ, ಬಾತ್‌ರೂಮ್ ಬಾಗಿಲ ಮುಂದೆ ಹೊಗೆ ಡಿಟೆಕ್ಟರ್ ಹಾಕಿದೋರ ತಪ್ಪು. ಪ್ರತಿ ಸಲ ಹೊಡ್ಕೊಂಡಾಗ ಯಾವ ಡಿಟೆಕ್ಟರ್, ಯಾಕೆ ಅಂತ ಒಂದು ಪುಸ್ತಕದಲ್ಲಿ ಬರೆದಿಡೋಕೆ ಹೇಳಿ, ಎರಡು ತಿಂಗಳಲ್ಲಿ ಗೊತ್ತಾಗುತ್ತೆ, ಬಹುಪಾಲು ಎರಡು ಮೂರು ಡಿಟೆಕ್ಟರದ್ದೇ ಗಲಾಟೆ ಇರುತ್ತೆ, ಅದನ್ನ ಬೇರೆ ಕಡೆ ಸರಿಸಿದ್ರೆ ಅಥವಾ ಶಾಖಕ್ಕೆ ಮಾತ್ರ ಸ್ಪಂದಿಸೋದು ಹಾಕಿದ್ರೆ ಆಯ್ತು. ಆ ಕವರ್ ಮಾತ್ರ ಇವತ್ತೇ ಬಿಚ್ಚಿಸಿ.

ಮೂರನೇಮಹಡಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇಟ್ಟಿಗೆ ಎಣಿಸಿದೆ, ಐದು, ಜೊತೆಗೆ ಒಂದು ಹಳೇ ಡಿಕ್ಷನರಿ. ಎರಡುಚಕ್ರ ಅವ್ರೇ, ನೀವು ಹೇಳಿದ್ದು ಸರಿ, ಕೇಳಿರ್ಲಿಲ್ಲ, ನಾಚಿಕೆ ಆಯ್ತು. ಇವತ್ತು ಹೋಗಿ ಮಾತಾಡಿದೆ, ಅವ್ರ ಮೊದಲ ಸಲಹೆನೇ ಆ ಕ್ಲಾಸನ್ನ ಕೆಳಗಿನ ರೂಮಿಗೆ ಹಾಕೋಕಾಗಲ್ವಾ ಸರ್ ಅಂತ. ಆಗುತ್ತೆ! ಇಷ್ಟು ದಿನ ಯಾರ ತಲೆಗೂ ಹೋಗಿರ್ಲಿಲ್ಲ. ಆದ್ರೂ ಪ್ಲಾನ್ ಬರೀತೀವಿ, ಅವ್ರು ಲ್ಯಾಬಿಗೂ ಬರ್ಬೇಕಲ್ಲ.

ಆಡಿಟೋರಿಯಂ ಮತ್ತೆ ತಲೆ ಎಣಿಸೋದು ಉಳೀತು ನೋಡಿ.

ಹಳೇಹೋಸ್‌ಪೈಪು:

ಆಡಿಟೋರಿಯಂ ಲೆಕ್ಕ ನಿಮ್ಮಲ್ಲಿ ಯಾವ ನಿಯಮ ನಡೆಯುತ್ತೋ ಅದ್ರ ಪ್ರಕಾರ ಹಾಕ್ಬೇಕು, ಅಂದಾಜಿಗೆ ಅಮೆರಿಕದ ಫೈರ್ ಸೇಫ್ಟಿ ಕೋಡ್ ಎನ್‌ಎಫ್‌ಪಿಎ 101 ಹೇಳೋದನ್ನ ಹೇಳ್ತೀನಿ. 500ಕ್ಕಿಂತ ಜಾಸ್ತಿ ಜನ ಸೇರೋ ಜಾಗಕ್ಕೆ ಕನಿಷ್ಠ ಮೂರು ಎಕ್ಸಿಟ್, 1000 ದಾಟಿದ್ರೆ ನಾಲ್ಕು. ಬಾಗಿಲ ಅಗಲ ತಲೆಗೆ ಸುಮಾರು 5 ಮಿಲಿಮೀಟರ್, 600 ಜನ ಅಂದ್ರೆ ಎಲ್ಲಾ ಬಾಗಿಲೂ ಸೇರಿ 3 ಮೀಟರ್. ಮೆಟ್ಟಿಲಿಗೆ ತಲೆಗೆ 7.6 ಮಿಲಿಮೀಟರ್, ಹಾಗಾಗಿ 1.2 ಮೀಟರ್ ಅಗಲದ ಮೆಟ್ಟಿಲಿಗೆ 157 ಜನ. ಮೂರು ಬಾಗಿಲೂ ಒಂದೇ ಗೋಡೇಲಿ ಇದ್ರೆ ಅದು ಒಂದೇ ಬಾಗಿಲಿಗೆ ಸಮ ಅನ್ಕೊಳ್ಳಿ.

ಆದ್ರೆ ಜನ ಬಂದ ಬಾಗಿಲಲ್ಲೇ ವಾಪಸ್ ಹೋಗ್ತಾರೆ. 2003ರಲ್ಲಿ ರೋಡ್ ಐಲೆಂಡಿನ ಸ್ಟೇಷನ್ ನೈಟ್‌ಕ್ಲಬ್ ಬೆಂಕೀಲಿ 100 ಜನ ತೀರ್ಕೊಂಡ್ರು, ಬೇರೆ ಎಕ್ಸಿಟ್‌ಗಳಿದ್ರೂ ಹೆಚ್ಚಿನ ಜನ ಮುಂಬಾಗಿಲಿಗೇ ನುಗ್ಗಿದ್ರು, ತುಂಬಾ ಜನ ಅಲ್ಲೇ ಸಿಕ್ಕಾಕ್ಕೊಂಡ್ರು. ಅದಕ್ಕೆ ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಸ್ವಾಗತ ಭಾಷಣ ಮಾಡೋರು ಅರ್ಧ ನಿಮಿಷ ಪಕ್ಕದ ಬಾಗಿಲುಗಳ ಕಡೆ ಕೈ ತೋರಿಸ್ಲಿ. ಹೆಚ್ಚುವರಿ ಕುರ್ಚಿ ಹಾಕೋದಾದ್ರೆ ನಡುದಾರೀಲಿ ಬೇಡ.

ತಲೆ ಎಣಿಸೋದು ಯೂನಿವರ್ಸಿಟೀಲಿ ಆಗದ ಮಾತು, ಅದ್ರ ಬದ್ಲು ರೂಮ್ ಎಣಿಸಿ. ಮಹಡಿಗೆ ಇಬ್ರು ವಾರ್ಡನ್, ಒಬ್ರು ರಜ ಇದ್ರೆ ಇನ್ನೊಬ್ರು. ಅವ್ರು ಹೊರಗೆ ಹೋಗೋ ದಾರೀಲೇ ಒಂದೊಂದು ರೂಮು, ಟಾಯ್ಲೆಟ್ಟು, ಸ್ಟೋರು ನೋಡಿ ಬಾಗಿಲು ಮುಚ್ಕೊಂಡು ಬಂದು ಕೆಳಗೆ ನಿಮ್ಗೆ "ಎರಡನೇ ಮಹಡಿ ಖಾಲಿ" ಅಂದ್ರೆ ಸಾಕು. ನೋಡೋಕಾಗ್ಲಿಲ್ಲ ಅಂದ್ರೆ ಯಾವ ರೂಮ್ ಅಂತ ಹೇಳ್ಬೇಕು, ಅದನ್ನೇ ನಾವು ಬಂದಾಗ ನಮ್ಗೆ ಹೇಳ್ಬೇಕು. ಯಾರೂ ವಾಪಸ್ ಒಳಗೆ ಹೋಗೋ ಹಾಗಿಲ್ಲ. ಸೇರೋ ಜಾಗ ಫೈರ್ ಎಂಜಿನ್ ಬರೋ ದಾರೀಲಿ ಇರ್ಬಾರ್ದು.

ಮುಂದಿನ ಡ್ರಿಲ್ ಮಾಡೋವಾಗ ಮುಂದಿನ ಮೆಟ್ಟಿಲಿಗೆ ಅಡ್ಡ ಒಬ್ರನ್ನ ನಿಲ್ಸಿ, ಕೈಲಿ "ಇಲ್ಲಿ ಹೊಗೆ ಇದೆ" ಅಂತ ಬೋರ್ಡ್ ಕೊಡಿ. ಏನಾಗುತ್ತೆ ನೋಡಿ ಬಂದು ಹೇಳಿ.

ಮೂರನೇಮಹಡಿ:

ಐದು ವಾರ ಆದ್ಮೇಲೆ ಬರೀತಿದೀನಿ. ಪ್ಯಾನಿಕ್ ಬಾರ್ ಬಂತು, ಕೆಂಪು ಚುಕ್ಕೆ ಈಗ ಮಹಡಿಗೊಂದು ಕಡೆ ಇದೆ. ಬೋರ್ಡ್ ಹಿಡ್ಕೊಂಡು ನಾನೇ ನಿಂತಿದ್ದೆ. ಮೊದಲು ಬಂದ ಹತ್ತಿಪ್ಪತ್ತು ಜನ ಬೋರ್ಡ್ ಓದಿ ನನ್ ಮುಖ ನೋಡಿ ಪಕ್ಕದಲ್ಲೇ ನುಸುಳ್ಕೊಂಡು ಇಳಿಯೋಕೆ ಬಂದ್ರು! ಕೈ ಅಡ್ಡ ಇಟ್ಟು ಹಿಂದಕ್ಕೆ ಕಳಿಸ್ದೆ. ಹಿಂದಿನ ಮೆಟ್ಟಿಲೊಂದ್ರಲ್ಲೇ ಎಲ್ರೂ ಇಳಿದಿದ್ದು, 7 ನಿಮಿಷ. ಪಾಠ ಮಾಡ್ತಿದ್ದೋರು ಮೊದಲು ಎದ್ದ ಕ್ಲಾಸುಗಳು ಎರಡೂವರೆ ನಿಮಿಷಕ್ಕೆ ಹೊರಗಿದ್ವು. ಹೆಡ್ಡು ಮೆಟ್ಟಿಲಲ್ಲೇ ಬಂದ್ರು, ಏದುಸಿರು ಬಿಡ್ತಾ.

ಒಂದು ಎಡವಟ್ಟು. ಲೈಬ್ರರಿ ಪಕ್ಕದ ಬಾಗಿಲಿಗೆ ಕಾರ್ಡ್ ತೋರ್ಸಿದ್ರೆ ತೆಗ್ಯೋ ಮ್ಯಾಗ್ನೆಟ್ ಲಾಕ್ ಇದೆ, ಅಲಾರಂ ಹೊಡೆದ್ರೂ ಅದು ಬಿಡ್ಲೇ ಇಲ್ಲ, ಹನ್ನೊಂದು ಜನ ಒಳಗಡೆ ಗಾಜಿಗೆ ಮುಖ ಒತ್ಕೊಂಡು ನಿಂತಿದ್ರು.

ಹಳೇಹೋಸ್‌ಪೈಪು:

ಅಲಾರಂ ಪ್ಯಾನೆಲ್‌ಗೆ ಅದನ್ನ ಜೋಡಿಸಿಲ್ಲ ಅಥವಾ ಜೋಡಿಸಿದ್ದು ಬಿಟ್ಟೋಗಿದೆ. ಅಲಾರಂ ಆದ ಕೂಡ್ಲೇ, ಕರೆಂಟ್ ಹೋದ ಕೂಡ್ಲೇ ಆ ಲಾಕ್ ತಾನಾಗೇ ಬಿಡ್ಬೇಕು. ಬ್ಯಾಟರಿ ಬ್ಯಾಕಪ್ ಕೊಟ್ಟಿದಾರಾ ನೋಡಿ, ಕೊಟ್ಟಿದ್ರೆ ಕರೆಂಟ್ ಹೋದ್ರೂ ಹಿಡ್ಕೊಂಡೇ ಇರುತ್ತೆ. ಒಳಗಡೆ ಬಾಗಿಲ ಪಕ್ಕ, ಒಡೆದು ಒತ್ತಿದ್ರೆ ಲಾಕ್ ಬಿಡೋ ಹಸಿರು ಬ್ರೇಕ್‌ಗ್ಲಾಸ್ ಬಟನ್ ಇದ್ಯಾ?

ಮೂರನೇಮಹಡಿ:

ಬಟನ್ ಇದೆ, ಅದ್ರ ಮುಂದೆ ಹೊಸ ಪುಸ್ತಕಗಳ ಶೆಲ್ಫ್ ಇಟ್ಟಿದಾರೆ. ಶೆಲ್ಫ್ ಇವತ್ತು ಸರಿಸಿದ್ವಿ, ವೈರಿಂಗ್‌ಗೆ ಎಲೆಕ್ಟ್ರಿಷಿಯನ್ ಸೋಮವಾರ ಬರ್ತಾರಂತೆ. ಅಲ್ಲೀತನಕ ಲಾಕ್ ಕರೆಂಟೇ ತೆಗ್ಸಿದೀನಿ, ಪುಸ್ತಕ ಕಳುವಾದ್ರೆ ನಾನೇ ಜವಾಬ್ದಾರಿ ಅಂತ ಲೈಬ್ರೇರಿಯನ್ ಬರೆಸ್ಕೊಂಡಿದಾರೆ.